ಬೆವರದ ಇಂಜಿನ್ನಿನ ಗಾಳೆಪ್ಪ

ಗಾಳೆಪ್ಪ ತೀರಿಕೊಂಡು ಬರುವ ಶ್ರಾವಣಕ್ಕೆ ಎರಡು ವರ್ಷ. ಅವನ ಬಗ್ಗೆ ಯಾರೂ ಬರೆಯುವುದಿಲ್ಲ ಎಂಬುದು ನನಗೆ ಗೊತ್ತು. ನಮ್ಮ ಬಳ್ಳಾರಿಯಲ್ಲಿ ದೊಡ್ಡವರಿಗೆ ಅರವತ್ತು ತುಂಬಿದರೆ ಪುಸ್ತಕ ಬರುತ್ತದೆ, ಸಾಹುಕಾರರ ಮಗಳ ಮದುವೆಯಾದರೆ ಪೇಪರಿನಲ್ಲಿ ಫೋಟೋ ಬರುತ್ತದೆ. ಇಂಜಿನ್ ಬಿಚ್ಚಿ ಕಟ್ಟುತ್ತಿದ್ದವನ ಬಗ್ಗೆ ಬರೆಯಲು ಯಾರಿಗೆ ಪುರುಸೊತ್ತು? ಹಾಗಾಗಿ ನಾನೇ ಕೂತಿದ್ದೇನೆ. ನಾನು ಸಾಹಿತಿಯಲ್ಲ. ಮೊಳೆ, ಬೋಲ್ಟು, ಹಗ್ಗ, ಬಣ್ಣ ಮಾರುವವನು. ಹೆಸರು ಮರಿಬಸಪ್ಪ. ಬ್ರೂಸ್‌ಪೇಟೆಯಲ್ಲಿ ನಮ್ಮಪ್ಪನ ಕಾಲದಿಂದ ಇರುವ ಹಾರ್ಡ್‌ವೇರ್ ಅಂಗಡಿ ನನ್ನದು. ಓದುವಾಗ ಯಾರನ್ನಾದರೂ ಬೈಯಬೇಕು ಅನ್ನಿಸಿದರೆ ನನ್ನನ್ನು ಬೈಯಿರಿ. ಯಾಕೆಂದು ಮುಂದೆ ಹೇಳುತ್ತೇನೆ.

ಗಾಳೆಪ್ಪ ಕುರುಗೋಡಿನವನು. ಅವನ ತಂದೆ ಉಚ್ಚೆಂಗೆಪ್ಪ ಊರ ಗೌಡರ ಬಾವಿಯಲ್ಲಿ ಕಪಿಲೆ ಹೊಡೆಯುತ್ತಿದ್ದ. ಎತ್ತುಗಳನ್ನು ಹಿಂದೆ ಮುಂದೆ ನಡೆಸಿ, ತೊಗಲಿನ ಚೀಲದಲ್ಲಿ ನೀರೆತ್ತುವ ಕೆಲಸ ಅದು. ಒಂದು ದಿನ ಗೌಡರು ಆಯಿಲ್ ಇಂಜಿನ್ ತಂದರು. ಕಪಿಲೆ ಅಟ್ಟ ಸೇರಿತು, ಉಚ್ಚೆಂಗೆಪ್ಪ ಮನೆ ಸೇರಿದ. ಅಪ್ಪನ ಅನ್ನ ಕಸಿದುಕೊಂಡ ಯಂತ್ರದ ಮೇಲೆ ಮಗನಿಗೆ ಸಿಟ್ಟು ಬರಬೇಕಿತ್ತು. ಇವನು ಉಲ್ಟಾ. ಅದರ ಪ್ರೀತಿಗೆ ಬಿದ್ದ. ಐವತ್ತೊಂಬತ್ತನೇ ಇಸವಿಯಲ್ಲಿ ಬಳ್ಳಾರಿಗೆ ಬಂದು ಜಡೆಪ್ಪ ಮೇಸ್ತ್ರಿಯ ಶೆಡ್ಡಿಗೆ ಸೇರಿಕೊಂಡ. ಶಾಲೆಯ ಮೆಟ್ಟಿಲು ಹತ್ತಿದವನಲ್ಲ. ಬೋಲ್ಟನ್ನು ಬೆರಳಲ್ಲಿ ಹಿಡಿದರೆ ಸಾಕು, ಯಾವ ಪಾನಾ ಬೇಕೆಂದು ಹೇಳುತ್ತಿದ್ದ.

ಜಡೆಪ್ಪ ಮೇಸ್ತ್ರಿ ಗುಂತಕಲ್ಲಿನ ರೈಲ್ವೆ ಶೆಡ್ಡಿನಿಂದ ರಿಟೈರಾದವರು. ಅರ್ಧ ಕನ್ನಡ, ಅರ್ಧ ತೆಲುಗು. ಅವರು ಕಲಿಸಿದ್ದು ಮುಖ್ಯವಾಗಿ ಒಂದೇ ವಿದ್ಯೆ.

"ಒರೇಯ್ ಗಾಳಿಗಾ, ಇಂಜಿನ್ ಬಿಚ್ಚಿ ಕಟ್ಟಾಕ ಯಾವನಿಗಾದ್ರೂ ಬರ್ತೈತಿ. ಎರಡು ಕಬ್ಬಿಣದ ನಡುವ ಏನು ಹಚ್ತಿ ಅನ್ನೋದು ಮುಖ್ಯ ರಾ. ಅಲ್ಲೇ ಅಂತಾ ಉಂದಿ, ಎಲ್ಲಾ ಅಲ್ಲೇ ಐತಿ."

ಇಂಜಿನ್ನಿನ ಎರಡು ಭಾಗ ಕೂಡುವಲ್ಲಿ ನಡುವೆ ಪ್ಯಾಕಿಂಗ್ ಕಾಗದ ಕೊರೆದು ಕೂರಿಸುತ್ತಾರೆ. ಕಾಗದವೊಂದೇ ಸಾಲದು. ನೀರು, ಎಣ್ಣೆ ಜಿನುಗದಂತೆ ಅದರ ಎರಡೂ ಮೈಗೆ ಏನಾದರೂ ಹಚ್ಚಬೇಕು. ಆಗ ನಮ್ಮ ಕಡೆ ಎರಡೇ ದಾರಿ. ಒಂದು ಅರಗು. ಅದನ್ನು ಸ್ಪಿರಿಟ್ಟಿನಲ್ಲಿ ಹಾಕಿಟ್ಟರೆ ತಾನೇ ಕರಗುತ್ತದೆ, ಕುಂಚದಿಂದ ಬಳಿದರೆ ಮುಗಿಯಿತು. ಸುಲಭ, ಆದರೆ ಇಂಜಿನ್ ಕಾದೂ ಕಾದೂ ಕೊನೆಗೆ ಬಿರುಕು ಬಿಡುತ್ತದೆ. ಇನ್ನೊಂದು ಸಿಂಧೂರ. ಸಿಂಧೂರಕ್ಕೆ ಸಫೇದ ಎಂಬ ಬಿಳಿ ಪುಡಿ ಬೆರೆಸಿ, ಅಗಸೆ ಎಣ್ಣೆ ಹಾಕಿ, ರೊಟ್ಟಿ ಹಿಟ್ಟಿಗಿಂತ ಮೆತ್ತಗೆ ನಾದಬೇಕು. ಎರಡು ತಾಸಿನ ಕೆಲಸ. ಒಂದೇ ಒಂದು ಹರಳು ಉಳಿದರೂ ಅಲ್ಲಿಂದ ನೀರು ಜಿನುಗುತ್ತದೆ. ಹದವಾಗಿ ಕೂತರೆ ಮಾತ್ರ ಹತ್ತು ವರ್ಷ ನೋಡಬೇಕಾಗಿಲ್ಲ. ಮೇಸ್ತ್ರಿ ರೈಲ್ವೆಯವರು, ಅವರದು ಸಿಂಧೂರದ ಪಂಥ. ಗಾಳೆಪ್ಪನದೂ ಅದೇ ಆಯಿತು.

ಸಿಂಧೂರ ಅವನು ತೆಗೆದುಕೊಂಡು ಹೋಗುತ್ತಿದ್ದದ್ದು ನನ್ನ ಅಂಗಡಿಯಿಂದ. ನನ್ನ ತಪ್ಪನ್ನು ಇಲ್ಲೇ ಹೇಳಿಬಿಡುತ್ತೇನೆ. ಮದ್ರಾಸಿನಿಂದ ಬರುತ್ತಿದ್ದ ಆ ಡ್ರಮ್ಮಿನ ಮೇಲೆ ಬಿಳಿ ಬಣ್ಣದಲ್ಲಿ ಒಂದು ತಲೆಬುರುಡೆ, ಅದರ ಕೆಳಗೆ ಅಡ್ಡಡ್ಡ ಎರಡು ಎಲುಬು. ಪಕ್ಕದಲ್ಲಿ ಇಂಗ್ಲಿಷಿನಲ್ಲಿ ವಿಷ ಎಂದು ಬರೆದಿತ್ತು. ನಾನು ಎಸ್ಸೆಸ್ಸೆಲ್ಸಿ ಪಾಸಾದವನು, ಓದಿಕೊಂಡಿದ್ದೆ. ಆದರೆ ಆ ಡ್ರಮ್ಮಿನಿಂದ ಒಯ್ಯುತ್ತಿದ್ದವರು ಮೆಕ್ಯಾನಿಕ್ಕುಗಳಷ್ಟೇ ಅಲ್ಲ. ಹನುಮಪ್ಪನಿಗೆ ಹಚ್ಚುವ ಸಿಂಧೂರವೂ ಅದೇ. ಪ್ರತಿ ಶನಿವಾರ ಪೂಜಾರಿಗಳು, ಹರಕೆಯವರು ಬರುತ್ತಿದ್ದರು. ದೇವರಿಗೆ ಒಯ್ಯುವ ಸಾಮಾನಿನ ಮೇಲೆ ಹೆಣದ ಬುರುಡೆ ಕಂಡರೆ ಅಪಶಕುನವಲ್ಲವೇ? ಒಬ್ಬ ಮುದುಕಿ ಅದನ್ನು ನೋಡಿ ಕೈಚೀಲ ಮಡಚಿಕೊಂಡು ಹೊರಟೇ ಹೋದಳು. ಅವತ್ತೇ ನಾನು ಡ್ರಮ್ಮನ್ನು ಗೋಡೆ ಕಡೆ ತಿರುಗಿಸಿಟ್ಟೆ. ತಿಂದರೆ ತಾನೇ ವಿಷ, ಹಚ್ಚುವವರಿಗೇನು ಎಂದು ನನ್ನ ಲೆಕ್ಕ. ಆಮೇಲೆ ಬಂದ ಡ್ರಮ್ಮುಗಳನ್ನೂ ಅದೇ ಮೂಲೆಯಲ್ಲಿ, ಬುರುಡೆ ಗೋಡೆಗೆ ಬರುವಂತೆಯೇ ಇಟ್ಟೆ. ಕಾಗದದ ಪೊಟ್ಟಣದಲ್ಲಿ ಕಟ್ಟಿ ಕೊಡುತ್ತಿದ್ದೆ. ಪೊಟ್ಟಣಕ್ಕೆ ಯಾವ ಬುರುಡೆ?

ಅರವತ್ತನಾಲ್ಕರಲ್ಲಿ ಗಾಳೆಪ್ಪ ಸಿರುಗುಪ್ಪ ರಸ್ತೆಯಲ್ಲಿ ಸ್ವಂತ ಶೆಡ್ಡು ಹಾಕಿದ. ಮರುವರ್ಷ ಕೊಳಗಲ್ಲಿನ ಜಂಬಮ್ಮನನ್ನು ಮದುವೆಯಾದ. ಶೆಡ್ಡಿನ ಹಿಂದೆಯೇ ಮನೆ. ಗಾಳೆಪ್ಪನ ಅಂಗೈ ಡೀಸೆಲ್ಲಿನಲ್ಲಿ ಬಿರಿದು ತೊಗಲಿನಂತಾಗಿತ್ತು, ಹರಳು ಸಿಕ್ಕರೂ ಗೊತ್ತಾಗುತ್ತಿರಲಿಲ್ಲ. ಒಂದು ದಿನ ಅವನು ಪರಾತದ ಮುಂದೆ ಒದ್ದಾಡುವುದನ್ನು ನೋಡಿ ಜಂಬಮ್ಮ, "ಸರೀರಿ ಅತ್ಲಾಗ," ಎಂದು ಸೆರಗು ಸಿಕ್ಕಿಸಿ ಕೂತಳಂತೆ. ಜೋಳದ ಹಿಟ್ಟು ನಾದಿ ಬೆಳೆದ ಕೈ. ಸಾಸಿವೆಯ ಕಾಲು ಭಾಗದಷ್ಟು ಹರಳಿದ್ದರೂ ಅಂಗೈಗೆ ತಿಳಿಯುತ್ತಿತ್ತು. ಅಂದಿನಿಂದ ನಾದುವುದು ಆಕೆ, ಪ್ಯಾಕಿಂಗಿಗೆ ಉಂಗುರ ಬೆರಳಿನಿಂದ ತೆಳ್ಳಗೆ ಸವರುವುದೂ ಆಕೆ, ಬೋಲ್ಟು ಬಿಗಿಯುವುದು ಇವನು.

ಆಮೇಲೆಯೇ ಅವನ ಹೆಸರು ಬಿದ್ದದ್ದು. "ಗಾಳೆಪ್ಪ ಕಟ್ಟಿದ ಇಂಜಿನ್ ಬೆವರೋದಿಲ್ಲ" ಎಂದು ಕುರುಗೋಡಿನಿಂದ ಸಿರುಗುಪ್ಪದವರೆಗೆ ಮಾತಾಯಿತು. ಕಾಲುವೆ ನೀರು ಬಂದು ಸಿರುಗುಪ್ಪದಲ್ಲಿ ಭತ್ತ ತುಂಬಿ, ಅಕ್ಕಿ ಗಿರಣಿಗಳು ಎದ್ದ ಕಾಲ. ಇಂಜಿನ್ನಿನ ಜಾಯಿಂಟಿನಲ್ಲಿ ಒಂದು ಹನಿ ಎಣ್ಣೆ ಕಾಣದು, ಕೈ ಸವರಿದರೆ ಒಣಗಿದ ಕಲ್ಲು ಮುಟ್ಟಿದಂತೆ. ಜನ ಗಾಳೆಪ್ಪನನ್ನು ಹೊಗಳಿದರೆ ಅವನು ಒಳಮನೆ ಕಡೆ ಬೆರಳು ತೋರಿಸುತ್ತಿದ್ದ. ಹೆಂಡತಿಯನ್ನು ನಾಲ್ಕು ಜನರೆದುರು ಹೊಗಳುವ ಗಂಡಸರು ಆಗ ನಮ್ಮಲ್ಲಿ ಕಡಿಮೆ. ಈಗಲೂ ಏನು ಹೆಚ್ಚಿಲ್ಲ ಬಿಡಿ.

ಕೆಲಸ ಶುರು ಮಾಡುವ ಮೊದಲು ನಾದಿದ ಸಿಂಧೂರದಲ್ಲಿ ಒಂದು ಚಿಟಿಕೆ ತೆಗೆದು ಇಂಜಿನ್ನಿನ ಚಕ್ರಕ್ಕೆ, ಗಂಡನ ಹಣೆಗೆ, ತನ್ನ ಹಣೆಗೆ ಇಡುವುದು ಜಂಬಮ್ಮನ ಪದ್ಧತಿ. ಅತ್ತೆ ಎಲ್ಲಮ್ಮನದು ಇನ್ನೊಂದು ಕಟ್ಟಳೆ. ಸಿಂಧೂರ ಅಂದರೆ ಹನುಮಪ್ಪನ ಮೈಬಣ್ಣ, ಅದನ್ನು ತೊಳೆದು ಬಚ್ಚಲಿಗೆ ಬಿಡಬಾರದು, ತುಳಿದವರಿಗೆ ಕೇಡು. ಹಾಗಾಗಿ ಜಂಬಮ್ಮ ಕೈ ತೊಳೆಯುತ್ತಿರಲಿಲ್ಲ. ಹೊಸ್ತಿಲಿಗೆ ಒಂದಿಷ್ಟು ಸವರಿ, ಉಳಿದದ್ದನ್ನು ಸೆರಗಿಗೆ ಒರೆಸಿ, ಅದೇ ಕೈಯಲ್ಲಿ ರೊಟ್ಟಿ ಬಡಿದು, ಅದೇ ಕೈಯಲ್ಲಿ ಮುರಿದು ತಿನ್ನುತ್ತಿದ್ದಳು. ಆಕೆಯ ಮನೆ ಹೊಸ್ತಿಲು ವರ್ಷವಿಡೀ ಕೆಂಪಗಿರುತ್ತಿತ್ತು. ಲಕ್ಷಣವಾಗಿದೆ ಎಂದು ನಾನೇ ಎಷ್ಟೋ ಸಲ ಹೇಳಿದ್ದೇನೆ.

ಜಂಬಮ್ಮನಿಗೆ ಒಡಹುಟ್ಟಿದ ಅಣ್ಣತಮ್ಮಂದಿರಿಲ್ಲ. ಮದುವೆಯಾದ ವರ್ಷ ಪಂಚಮಿಗೆ ತವರಿಗೆ ಕರೆಯಲು ಯಾರೂ ಬರಲಿಲ್ಲವೆಂದು ಅಳುತ್ತಿದ್ದಾಳೆ ಎಂದು ಗಾಳೆಪ್ಪ ನನ್ನ ಅಂಗಡಿಯಲ್ಲಿ ಹೇಳಿದ. ನಾನು ಸುಮ್ಮನೆ ಬಾಯಿ ಮಾತಿಗೆ, "ಅಣ್ಣ ಇಲ್ಲ ಅಂತ ಯಾಕ ಅಳ್ತಾಳ, ನಾನಿಲ್ಲೇನು? ನಮ್ಮನಿಗೆ ಬರಾಕ ಹೇಳು," ಎಂದೆ. ಮರುದಿನ ಆಕೆ ಪುಟ್ಟ ಬುಟ್ಟಿಯಲ್ಲಿ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟಿಕೊಂಡು ಬಂದು ನಮ್ಮ ಮನೆ ಬಾಗಿಲಲ್ಲಿ ನಿಂತಳು. "ಅಣ್ಣಾ" ಎಂದಳು. ನನ್ನ ಹೆಂಡತಿ ಚನ್ನವೀರಮ್ಮ ನನ್ನ ಮುಖ ನೋಡಿದಳು, ಆಮೇಲೆ ಆಕೆಯನ್ನು ಒಳಗೆ ಕರೆದು ಕುಪ್ಪಸದ ಕಣ, ಬಳೆ ಕೊಟ್ಟಳು. ಅವತ್ತಿನಿಂದ ಒಂದು ಪಂಚಮಿಯನ್ನೂ ಆಕೆ ತಪ್ಪಿಸಿಲ್ಲ. ಗಾಳೆಪ್ಪನೂ ನನ್ನನ್ನು ಸಾವ್ಕಾರ್ರೇ ಅನ್ನುವುದನ್ನು ಬಿಟ್ಟು ಅಣ್ಣಾರ ಅನ್ನತೊಡಗಿದ.

ಅರವತ್ತೇಳರಲ್ಲಿ ಜಂಬಮ್ಮ ಮೊದಲ ಸಲ ಬಸಿರಾದಳು. ನಾಲ್ಕು ತಿಂಗಳಿಗೆ ಹೋಯಿತು. ಮೊದಲನೆಯದು ಹಾಗಾಗುತ್ತದೆ ಎಂದರು. ಅರವತ್ತೊಂಬತ್ತರಲ್ಲಿ ಇನ್ನೊಂದು ಹೋಯಿತು. ಎಪ್ಪತ್ತೆರಡರಲ್ಲಿ ಆರು ತಿಂಗಳು ತುಂಬಿದ ಗಂಡು ಮಗು, ಉಸಿರಿಲ್ಲದೆ ಹುಟ್ಟಿತು. ಗಾಳೆಪ್ಪ ಅದನ್ನು ಒಂದು ಟವೆಲ್ಲಿನಲ್ಲಿ ಸುತ್ತಿ, ತಾನೊಬ್ಬನೇ ಎತ್ತಿಕೊಂಡು ಹೋಗಿ ಮಣ್ಣು ಮಾಡಿ ಬಂದು, ಮಧ್ಯಾಹ್ನ ನನ್ನ ಅಂಗಡಿ ಮೆಟ್ಟಿಲ ಮೇಲೆ ಕೂತ. "ಬೆರಳೆಲ್ಲ ಇದ್ದವು ಅಣ್ಣಾರ," ಎಂದ.

ಊರವರ ಬಾಯಿಗೆ ಬೀಗವಿಲ್ಲ. ಬಂಜೆ ಎನ್ನಲು ಬರುವುದಿಲ್ಲ, ಬಸಿರಾಗುತ್ತಾಳಲ್ಲ. ಹಾಗಾಗಿ ಮಕ್ಕಳನ್ನು ತಿನ್ನುವ ಹೊಟ್ಟೆ ಎಂದರು. ಎಲ್ಲಮ್ಮ ಸೊಸೆಯನ್ನು ಬೈಯುವ ಪೈಕಿ ಅಲ್ಲ, ಪಾಪ. ಆಕೆ ಹರಕೆ ಹೊತ್ತಳು. ಇಪ್ಪತ್ತೊಂದು ಶನಿವಾರ ಸೊಸೆ ತನ್ನ ಕೈಯಾರೆ ಸಿಂಧೂರ ನಾದಿ ಹನುಮಪ್ಪನ ಗುಡಿಗೆ ಕೊಡಬೇಕು, ಪೂಜಾರಿ ಹಚ್ಚಿ ಉಳಿದದ್ದನ್ನು ಪ್ರಸಾದವೆಂದು ತಂದು ಹೊಟ್ಟೆಗೆ ಸವರಿಕೊಳ್ಳಬೇಕು. ಜಂಬಮ್ಮ ಒಂದು ವಾರವನ್ನೂ ಬಿಡದೆ ಮಾಡಿದಳು. ಆ ಇಪ್ಪತ್ತೊಂದು ವಾರದ ಸಿಂಧೂರ ನಾನು ಪುಕ್ಕಟೆ ಕೊಟ್ಟೆ. ತಂಗಿಯ ಹರಕೆಗೆ ಅಣ್ಣ ದುಡ್ಡು ತೆಗೆದುಕೊಳ್ಳುವುದೇ ಎಂದು ಎದೆಯುಬ್ಬಿಸಿ ಹೇಳಿದ್ದೆ. ಆ ಮಾತು ನೆನಪಾದರೆ ಈಗಲೂ ನನ್ನ ಕೆನ್ನೆಗೆ ನಾನೇ ಹೊಡೆದುಕೊಳ್ಳಬೇಕು ಅನ್ನಿಸುತ್ತದೆ.

ಎಪ್ಪತ್ತಾರರಲ್ಲಿ ನಾಲ್ಕನೆಯದು ನಿಂತಿತು. ಐದು ತಿಂಗಳು ದಾಟಿತು. ಈ ಸಲ ಕುಬಸ, ಅಂದರೆ ಸೀಮಂತ, ಮಾಡೇ ಮಾಡುವುದೆಂದು ಚನ್ನವೀರಮ್ಮ ಹಸಿರು ಇಳಕಲ್ ಸೀರೆ ತರಿಸಿ ಟ್ರಂಕಿನಲ್ಲಿಟ್ಟಳು. ಕುಬಸದ ಹಸಿರು ಸೀರೆ ತವರು ಮನೆಯವರದು, ಅಂದರೆ ನಮ್ಮದು.

ಆ ಹೊತ್ತಿಗೆ ಸಿರುಗುಪ್ಪದ ಗಿರಣಿ ವಿರೂಪಾಕ್ಷಪ್ಪನ ದೊಡ್ಡ ಇಂಜಿನ್ ಕೆಟ್ಟಿತು. ಭತ್ತ ಕೊಯ್ಲಿಗೆ ಬಂದಿತ್ತು. ಪೂರ್ತಿ ಬಿಚ್ಚಿ ಕಟ್ಟಬೇಕು. ವಿರೂಪಾಕ್ಷಪ್ಪ ನಮ್ಮ ಕಡೆಯವನು, ಕೆಲಸ ಗಾಳೆಪ್ಪನಿಗೇ ಕೊಡು ಎಂದು ಹೇಳಿದವನು ನಾನು. ಮರುದಿನ ಗಾಳೆಪ್ಪ ಅಂಗಡಿಗೆ ಬಂದ. ಎಂದಿನಂತೆ ಸಿಂಧೂರ ಕೇಳಲಿಲ್ಲ.

"ಅಣ್ಣಾರ, ಈ ಸಲ ಅರಗು ಕೊಡ್ರಿ."

"ಅರಗಾ? ಯಾಕಪಾ, ಸಿಂಧೂರ ಬ್ಯಾಸರಾತೇನು?"

"ಬ್ಯಾಸರಲ್ರಿ. ಜಂಬವ್ವಗ ಕುಂತು ನಾದಾಕ ಆಗವಲ್ದು. ನಡ ಹಿಡಿತೈತಿ ಅಂತಾಳ, ಹೊಟ್ಯಾಗ ಮುರದಂಗ ಆಗ್ತೈತಿ ಅಂತಾಳ. ಅರಗಾದ್ರ ತಾನ ಕರಗ್ತೈತಿ, ಆಕಿ ಕೈ ಬೇಕಾಗೋದಿಲ್ಲ. ಇದೊಂದು ಕೂಸು ಉಳೀಲಿ, ಸಾಕು."

ನಾನು ಅರಗಿನ ಡಬ್ಬಿಯತ್ತ ಕೈ ಚಾಚಿದ್ದೆ. ಮುಚ್ಚಳವೂ ಕೈಗೆ ತಾಗಿತ್ತು. ಅಷ್ಟರಲ್ಲಿ ನನ್ನ ನಾಲಿಗೆ ತುರಿಸಿತು. ಬೇರೆಯವರಿಗೆ ಬುದ್ಧಿ ಹೇಳುವ ಚಟ ನನಗೆ ಮೊದಲಿನಿಂದಲೂ ಇದೆ.

"ಹುಚ್ಚದೀಯೇನು? ಆ ಇಂಜಿನ್ ಸುಗ್ಗಿ ಮುಗಿಯೋತನ ಒಂದ ಸವನ ಓಡ್ತೈತಿ. ಅರಗು ಎಂಟು ದಿನದಾಗ ಸೀಳ್ತೈತಿ. ಗಾಳೆಪ್ಪ ಕಟ್ಟಿದ್ದು ಸೋರಾಕ ಹತ್ತೇತಿ ಅಂತ ಸಿರುಗುಪ್ಪದ ತುಂಬ ಆಗ್ತೈತಿ. ಹತ್ತು ವರ್ಷದ ಹೆಸರು ಕಳ್ಕೋತೀಯಾ?"

"ಆಕಿಗೆ ಸುಸ್ತು ಭಾಳ ಐತ್ರಿ..."

"ಗ್ವಾಡಿಗೆ ಆನಿಸಿ ಕುಂದ್ರಸು. ಒಂದಿನದ ಮಾತು. ಸಿಂಧೂರ ಹನುಮಪ್ಪಂದು, ಅದರಿಂದ ಆಕಿಗೆ ಚಲೋನ ಆಗ್ತೈತಿ."

ಅವನು ಅರಗಿನ ಡಬ್ಬಿಯತ್ತ ಒಮ್ಮೆ ನೋಡಿದ. "ಹಂಗಂತೀರೇನು ಅಣ್ಣಾರ?" ಎಂದ. ಹಾಗೇ ಅಂತೀನಿ ಎಂದೆ. ಡ್ರಮ್ಮಿಗೆ ಕೈ ಹಾಕಿ, ಎಂದಿಗಿಂತ ಒಂದು ಹಿಡಿ ಹೆಚ್ಚೇ ತುಂಬಿ ಪೊಟ್ಟಣ ಕಟ್ಟಿದೆ. ಅವನು ಅದನ್ನು ಕಣ್ಣಿಗೊತ್ತಿಕೊಂಡು ಹೋದ.

ಜಂಬಮ್ಮ ಗೋಡೆಗೆ ಒರಗಿ ಕೂತು ನಾದಿದಳು. ಒಂದು ದಿನವಲ್ಲ, ಇಂಜಿನ್ ದೊಡ್ಡದು, ನಾಲ್ಕು ದಿನ ಬೇಕಾಯಿತು. ಇಂಜಿನ್ ಸುಗ್ಗಿಯುದ್ದಕ್ಕೂ ಬೆವರದೆ ಓಡಿತು. ವಿರೂಪಾಕ್ಷಪ್ಪ ನನ್ನೆದುರೇ ಅದಕ್ಕೆ ಬಿಳಿ ಪಂಚೆಯ ಚುಂಗು ಒರೆಸಿ ತೋರಿಸಿದ. ಒಂದು ಕಲೆ ಇರಲಿಲ್ಲ.

ಕುಬಸಕ್ಕೆ ಮೂರು ದಿನ ಇರುವಾಗ ಜಂಬಮ್ಮನಿಗೆ ನೋವು ಕಾಣಿಸಿತು. ಆಸ್ಪತ್ರೆಗೆ ಒಯ್ದೆವು. ಬೆಳಿಗ್ಗೆ ಏಳಕ್ಕೆ ಹೆಣ್ಣು ಮಗು ಹುಟ್ಟಿತು, ಜೀವ ಇತ್ತು. ಗಾಳೆಪ್ಪ ಶೆಡ್ಡಿನಲ್ಲಿ ಎಣ್ಣೆ ಒರೆಸುವ ವೇಸ್ಟು ನೂಲಿನಿಂದ ಕೈ ಒರೆಸಿಕೊಳ್ಳುತ್ತಾ ಬಾಗಿಲಲ್ಲಿ ನಿಂತಿದ್ದ. ಮುಟ್ಟಲು ಕೊಟ್ಟಾರೆಂದು ಕೈ ಒರೆಸಿದ್ದೇ ಒರೆಸಿದ್ದು. ಹತ್ತೂವರೆಗೆ ಮಗು ಹೋಯಿತು. ಅವನಿಗೆ ಅದನ್ನು ಕೊಟ್ಟದ್ದು ಆಮೇಲೆ.

ಅವತ್ತು ಇದ್ದವರು ಹೊಸದಾಗಿ ಬಂದ ಲೇಡಿ ಡಾಕ್ಟರು. ಮೈಸೂರು ಕಡೆಯವರು. ಜಂಬಮ್ಮನ ಕೆಳತುಟಿ ಎಳೆದು ಒಸಡು ನೋಡಿದರು. ಹಲ್ಲಿನ ಬುಡದುದ್ದಕ್ಕೂ ಪೆನ್ಸಿಲಿನಿಂದ ಎಳೆದಂತೆ ನೀಲಿ ಗೆರೆ.

"ಈ ಗೆರೆ ಎಷ್ಟು ದಿನದಿಂದ ಇದೆ?"

"ಅದು ಇದ್ದಿಲ ಪುಡಿದು ರೀ, ಹಲ್ಲು ತಿಕ್ಕೋದು," ಎಂದಳು ಎಲ್ಲಮ್ಮ.

ಡಾಕ್ಟರು ಅದನ್ನು ಕೇಳಿಸಿಕೊಳ್ಳಲಿಲ್ಲ. ಇವರು ಏನು ಕೆಲಸ ಮಾಡುತ್ತಾರೆ ಎಂದರು. ಗಾಳೆಪ್ಪ ಹೇಳಿದ. ಸಿಂಧೂರ ಎಂದ ಕೂಡಲೇ ಅವರು ಬರೆಯುವುದನ್ನು ನಿಲ್ಲಿಸಿ, "ಅದನ್ನ ತಗೊಂಡು ಬನ್ನಿ. ಡಬ್ಬಿ ಸಮೇತ ತನ್ನಿ," ಎಂದರು. ತರಲು ಹೊರಟವನು ನಾನು.

ಅಂಗಡಿಗೆ ಬಂದು ಡ್ರಮ್ಮನ್ನು ತಿರುಗಿಸಿದೆ. ಬುರುಡೆ ನನ್ನನ್ನೇ ನೋಡಿತು. ಮುಂದೆ ನಾನು ಮಾಡಿದ್ದನ್ನು ಹನ್ನೊಂದು ವರ್ಷ ಯಾರಿಗೂ ಹೇಳಿಲ್ಲ, ಚನ್ನವೀರಮ್ಮನಿಗೂ ಹೇಳಿಲ್ಲ. ಕಪ್ಪು ಬಣ್ಣದ ಡಬ್ಬಿ ತೆರೆದು, ಕುಂಚ ಅದ್ದಿ, ಆ ಬುರುಡೆಯ ಮೇಲೆ ಬಳಿದುಬಿಟ್ಟೆ. ಮತ್ತೆ ಗೋಡೆ ಕಡೆ ತಿರುಗಿಸಿದೆ. ಒಂದು ಪೊಟ್ಟಣದಲ್ಲಿ ಸಿಂಧೂರ ಕಟ್ಟಿಕೊಂಡು ಆಸ್ಪತ್ರೆಗೆ ಹೋದೆ.

ಡಾಕ್ಟರು ಪೊಟ್ಟಣ ಬಿಚ್ಚಿ ನೋಡಿದರು. "ಇದು ಸೀಸ. ಕೈಯಿಂದ ಬಾಯಿಗೆ, ಬಾಯಿಂದ ಮೈಗೆ ಸೇರಿಕೊಂಡಿದೆ. ಮೈಯಲ್ಲಿ ಇದಿದ್ದರೆ ಮಗು ನಿಲ್ಲೋದು ಕಷ್ಟ. ಹಿಂದಿನ ಮೂರೂ ಇದರಿಂದಲೇ ಹೋಗಿರಬಹುದು," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಡಬ್ಬಿ ಮೇಲೆ ಏನೂ ಗುರುತು ಇರಲಿಲ್ವಾ?" ಎಂದು ಕೇಳಿದರು.

"ಏನೋ ಇಂಗ್ಲಿಷ್ ಅಕ್ಷರ ಇದ್ದವು ರೀ. ಚಿತ್ರ ಗಿತ್ರ ಏನೂ ಇದ್ದಿಲ್ಲ," ಎಂದೆ.

ಚಿತ್ರ ಇತ್ತೇ ಎಂದು ಅವರು ಕೇಳಿರಲೇ ಇಲ್ಲ. ಗಾಳೆಪ್ಪ ಗೋಡೆ ಹಿಡಿದುಕೊಂಡು ಕೆಳಗೆ ಕೂತಿದ್ದ. "ಅಕ್ಷರ ಇದ್ದವಂತ. ಓದಾಕ ಬರಲಾರದ ಎತ್ತು ನಾನು," ಎಂದು ತಲೆಗೆ ಹೊಡೆದುಕೊಂಡ. ನಾನು ಅವನ ಕೈ ಹಿಡಿಯಲು ಬಗ್ಗಿದೆ. ಆ ಗೋಳಿನಲ್ಲೂ ಅವನಿಗೆ ನನ್ನ ಹೆಬ್ಬೆರಳು ಕಂಡಿತು. "ಅಣ್ಣಾರ, ಕೈಗೆ ಬಣ್ಣ ಹತ್ತೇತಿ ನೋಡ್ರಿ," ಎಂದು ತನ್ನ ವೇಸ್ಟಿನಿಂದ ಒರೆಸಿದ.

ಮನೆಗೆ ಕರೆತಂದ ಮೇಲೆ ಗಾಳೆಪ್ಪ ಅಂಗಳದಲ್ಲಿ ಹೆಂಡತಿಯನ್ನು ಕೂರಿಸಿಕೊಂಡು ಸೋಪು ಹಚ್ಚಿ ಆಕೆಯ ಕೈ ತೊಳೆದ. ಒಂದು ಕೊಡ ಮುಗಿದರೆ ಇನ್ನೊಂದು ಕೊಡ. "ಬಿಡ್ರಿ, ಕೆಂಪು ಹೋಗೇತಿ," ಎಂದು ಆಕೆ ಹೇಳುತ್ತಲೇ ಇದ್ದಳು. ಅವನು ಬಿಡಲಿಲ್ಲ. ಎಲ್ಲಮ್ಮ ಹೊಸ್ತಿಲನ್ನು ತೆಂಗಿನ ನಾರಿನಿಂದ ತಿಕ್ಕುತ್ತಾ ಅಳುತ್ತಿದ್ದಳು. ನಾನು ನೀರು ಸೇದಿ ಕೊಟ್ಟೆ. ಅಷ್ಟೇ ನನ್ನಿಂದಾದದ್ದು.

ನಾನು ಸಿಂಧೂರ ತರಿಸುವುದನ್ನು ನಿಲ್ಲಿಸಿದೆ. ಗಾಳೆಪ್ಪ ಅರಗಿಗೆ ಬಂದ. ನಾನು ಹೇಳಿದ್ದು ಮಾತ್ರ ನಿಜವಾಯಿತು ನೋಡಿ. ಗಿರಣಿ ಇಂಜಿನ್ನುಗಳು ಕಾದು ಅರಗು ಬಿರಿಯಿತು, ಜಾಯಿಂಟುಗಳು ಜಿನುಗಿದವು. ವಿರೂಪಾಕ್ಷಪ್ಪ ಖುದ್ದು ಶೆಡ್ಡಿಗೆ ಬಂದು, "ಹೆಂಡ್ತಿ ಬ್ಯಾಡ, ಆಳಿಟ್ಟು ನಾದಸು ಮಾರಾಯ," ಎಂದ. "ಆಳಿಗೂ ಮಕ್ಕಳಾಗಬೇಕಲ್ರಿ. ಇಂಜಿನ್ ಬೆವರಿದ್ರ ಒರಸಿಕೋರಿ," ಎಂದ ಗಾಳೆಪ್ಪ. ಒಬ್ಬೊಬ್ಬರಾಗಿ ಬೇರೆ ಮೇಸ್ತ್ರಿಗಳ ಕಡೆ ಹೋದರು. ಅವನಿಗೆ ಉಳಿದದ್ದು ಸಣ್ಣ ಪಂಪುಸೆಟ್ಟುಗಳ ರಿಪೇರಿ.

ಇನ್ನೊಂದು ಮಗುವಿನ ಮಾತನ್ನು ಅವರು ಆಡಲಿಲ್ಲ. ಡಾಕ್ಟರು ಕೆಲವು ವರ್ಷ ತಡೆಯಿರಿ ಎಂದಿದ್ದರು. ಆ ಕೆಲವು ವರ್ಷಗಳಲ್ಲಿ ಜಂಬಮ್ಮನ ಮೈಯೂ ಸೋತಿತು, ಮನಸ್ಸೂ ಸೋತಿತು.

ಎಪ್ಪತ್ತೆಂಟರಲ್ಲಿ ವಯಸ್ಕರ ಶಿಕ್ಷಣದವರು ಬಂದರು. ಗಾಳೆಪ್ಪನಿಗೆ ಆಗ ನಲವತ್ತರ ಹತ್ತಿರ. ಸಂಜೆ ಕೆಲಸ ಮುಗಿಸಿ, ಕೈ ತೊಳೆದು, ಸ್ಲೇಟು ಹಿಡಿದು ಹೋಗಿ ಕೂರುತ್ತಿದ್ದ. ಕನ್ನಡ ಮುಗಿಸಿ, ಮೇಷ್ಟ್ರನ್ನು ಕಾಡಿ ಇಂಗ್ಲಿಷ್ ಅಕ್ಷರವನ್ನೂ ಕಲಿತ. ಅಂಗಡಿಗೆ ಬಂದರೆ ಪ್ರತಿ ಡಬ್ಬಿಯನ್ನೂ ಎತ್ತಿ, ಒಂದೊಂದೇ ಅಕ್ಷರ ಕೂಡಿಸಿ ಜೋರಾಗಿ ಓದುತ್ತಿದ್ದ. ಗಿರಾಕಿಗಳು ನಗುತ್ತಿದ್ದರು. "ನಗ್ರಿ, ನಗ್ರಿ. ನಾನು ಇದನ್ನ ಹದಿನೈದು ವರ್ಷ ಮುಂಚೆ ಕಲಿತಿದ್ರ ನಾಲ್ಕು ಮಕ್ಕಳ ತಂದಿ ಆಗಿರ್ತಿದ್ದೆ," ಎನ್ನುತ್ತಿದ್ದ. ನಾನು ಗಲ್ಲಾ ಪೆಟ್ಟಿಗೆಯಲ್ಲಿ ಏನನ್ನೋ ಹುಡುಕುವವನಂತೆ ತಲೆ ತಗ್ಗಿಸುತ್ತಿದ್ದೆ. ಓದು ಬಾರದವರಿಗಾಗಿಯೇ ಬರೆದ ಚಿತ್ರ ಆ ಬುರುಡೆ. ಅದನ್ನು ಅವನಿಂದ ಮರೆಮಾಡಿ, ಅಕ್ಷರ ಬರದದ್ದೇ ತಪ್ಪು ಎಂದು ನಂಬಿಸಿದವನು ನಾನು.

ಎಂಬತ್ತರಲ್ಲಿ ಒಂದು ಮಧ್ಯಾಹ್ನ, ಸೀಮೆಎಣ್ಣೆಯಲ್ಲಿ ಸಾಮಾನು ತೊಳೆಯಲು ಹಳೆಯ ಡ್ರಮ್ಮೊಂದು ಬೇಕು, ಕೊಯ್ದು ತಟ್ಟೆ ಮಾಡಿಕೊಳ್ಳುತ್ತೇನೆ ಎಂದ. ಹಿಂದೆ ಬಿದ್ದಿವೆ, ಯಾವುದಾದರೂ ತಗೋ ಎಂದೆ. ಗಿರಾಕಿಯ ಜೊತೆ ಮಾತಾಡುತ್ತಾ ಇದ್ದುಬಿಟ್ಟೆ. ಹಿಂದಿನಿಂದ ಅವನು ಡಬ್ಬಿಗಳ ಅಕ್ಷರ ಓದುವ ದನಿ ಕೇಳುತ್ತಿತ್ತು. ಆಮೇಲೆ ಆ ದನಿ ನಿಂತಿತು. ನನಗೆ ಥಟ್ಟನೆ ನೆನಪಾಗಿ ಒಳಗೆ ಓಡಿದೆ.

ಗಾಳೆಪ್ಪ ಡ್ರಮ್ಮನ್ನು ಬೆಳಕಿಗೆ ಉರುಳಿಸಿಕೊಂಡಿದ್ದ. ತುಕ್ಕು ಹಿಡಿದು ಕಪ್ಪು ಬಣ್ಣ ಹಪ್ಪಳ ಎದ್ದಿತ್ತು. ಅವನು ಉಗುರಿನಿಂದ ಒಂದು ಚೂರು ತೆಗೆದಿದ್ದ, ಇನ್ನೊಂದು ತೆಗೆದಿದ್ದ. ಒಂದು ಕಣ್ಣಿನ ಗುಳಿ, ಸ್ವಲ್ಪ ಹಲ್ಲು, ಒಂದು ಎಲುಬು ಕಾಣುತ್ತಿತ್ತು. ಅವನು ಅದನ್ನು ನೋಡಿ, ಆಮೇಲೆ ನನ್ನ ಹೆಬ್ಬೆರಳನ್ನು ನೋಡಿದ.

"ಇದನ್ನ ಓದಾಕ ಅಕ್ಷರ ಬೇಕಾಗಿದ್ದಿಲ್ಲಲ್ಲ ಅಣ್ಣಾರ."

ನಾನು ಅವನ ಕಾಲಿಗೆ ಬಿದ್ದೆ. ಅವನು ಕಾಲು ಹಿಂದೆ ತೆಗೆದುಕೊಂಡ. ಬೈಯುತ್ತಾನೆ, ಹೊಡೆಯುತ್ತಾನೆ ಎಂದುಕೊಂಡಿದ್ದೆ. ಹೊಡೆಯಲಿ ಎಂದೇ ಆಸೆಪಟ್ಟೆ. ಅವನು ಡ್ರಮ್ಮನ್ನು ಎತ್ತಿ ಮೊದಲಿದ್ದ ಜಾಗದಲ್ಲೇ ಇಟ್ಟು, ಬುರುಡೆಯನ್ನು ಗೋಡೆ ಕಡೆ ತಿರುಗಿಸಿದ.

"ಜಂಬವ್ವಗ ತವರಮನಿ ಅಂತ ಇರೋದು ನೀವೊಬ್ಬರ. ಮಕ್ಕಳಂತೂ ಹೋದ್ವು. ಇದೂ ಹೋದ್ರ ಆಕಿಗೆ ಏನೂ ಉಳಿಯೋದಿಲ್ಲ. ಆಕಿಗೆ ಹೇಳಬ್ಯಾಡ್ರಿ."

ಅಷ್ಟು ಹೇಳಿ ಹೋದ. ಆಮೇಲೆ ನನ್ನ ಅಂಗಡಿ ಮೆಟ್ಟಿಲು ಹತ್ತಲಿಲ್ಲ. ಅರಗನ್ನೂ ಬೇರೆ ಕಡೆಯಿಂದ ತರುತ್ತಿದ್ದ. ದಾರಿಯಲ್ಲಿ ಸಿಕ್ಕರೆ ನಮಸ್ಕಾರ ಮಾಡಿ ಮುಂದೆ ಹೋಗುತ್ತಿದ್ದ. ಆದರೆ ಪ್ರತಿ ಪಂಚಮಿಗೆ ಜಂಬಮ್ಮನನ್ನು ಸೈಕಲ್ ಮೇಲೆ ಕೂರಿಸಿಕೊಂಡು ಬಂದು ನಮ್ಮ ಓಣಿಯ ತುದಿಯಲ್ಲಿ ಇಳಿಸಿ, ಆಕೆ ಉಂಡಿ ಕೊಟ್ಟು ಬರುವವರೆಗೆ ಅಲ್ಲೇ ನಿಂತಿರುತ್ತಿದ್ದ. ಅವರು ಯಾಕೆ ಬರಲಿಲ್ಲ ಎಂದು ಚನ್ನವೀರಮ್ಮ ಕೇಳಿದರೆ, "ಅವ್ರಿಗೆ ಕೆಲಸ ಐತಂತ," ಎನ್ನುತ್ತಿದ್ದಳು ಜಂಬಮ್ಮ.

ಎಂಬತ್ತಾರರ ಶ್ರಾವಣದಲ್ಲಿ ಎದೆನೋವು ಬಂದು ಎರಡೇ ದಿನಕ್ಕೆ ಗಾಳೆಪ್ಪ ಹೋದ. ಮಣ್ಣಿಗೆ ನಾನೂ ಹೋಗಿದ್ದೆ.

ಅವನು ಹೇಳಬೇಡ ಎಂದಿದ್ದ. ನನಗೆ ಅದರಿಂದ ಒಳ್ಳೆಯದೇ ಆಗಿತ್ತು, ಸುಮ್ಮನಿದ್ದೆ. ಇನ್ನೂ ಸುಮ್ಮನಿರುತ್ತಿದ್ದೆನೋ ಏನೋ. ಆದರೆ ಹೋದ ವರ್ಷ ಪಂಚಮಿಗೆ ಜಂಬಮ್ಮ ನಡೆದುಕೊಂಡೇ ಬಂದಳು. ಉಂಡಿಯ ಬುಟ್ಟಿ ಕೆಳಗಿಟ್ಟು, ಬಾಗಿಲಿಗೆ ಒರಗಿ ಕೂತು ಹೇಳಿದಳು.

"ಅಣ್ಣಾ, ಒಂದು ಮಾತು ನನ್ನ ಸುಡಾಕ ಹತ್ತೇತಿ. ಅವ್ರು ಹೋಗೋ ಹಿಂದಿನ ವರ್ಷ ಏನೋ ಜಗಳದಾಗ ಅಂದ್ಬಿಟ್ಟೆ, ನಿನಗ ಆಗ ಓದಾಕ ಬರ್ತಿದ್ದಿಲ್ಲ, ನಿನ್ನಿಂದ ನನ್ನ ಮಕ್ಕಳು ಹೋದ್ವು ಅಂತ. ಅವ್ರು ಸಿಟ್ಟಾಗಲಿಲ್ಲಣ್ಣಾ. ಹೌದು, ನನ್ನಿಂದನ ಹೋದ್ವು ಅಂದ್ರು. ಅಷ್ಟ ಅಂದು ಹೊರಗ ಹೋದ್ರು."

ನನ್ನ ಬಾಯಿಯಲ್ಲಿ ಆಕೆ ಕೊಟ್ಟ ಉಂಡಿ ಇತ್ತು. ಅಷ್ಟು ಹೊತ್ತಿಗಾಗಲೇ ಎಲ್ಲ ತಿಳಿದಿದ್ದವನು ಅವನು. ಒಂದು ಮಾತು ಆಡಿದ್ದರೆ ಹೆಂಡತಿಯ ಎದುರು ಹಗುರಾಗುತ್ತಿದ್ದ. ಆಡಲಿಲ್ಲ. ಆಕೆಗೆ ಒಬ್ಬ ಅಣ್ಣ ಇರಲಿ ಎಂದು ತನ್ನ ಮಕ್ಕಳ ಸಾವನ್ನು ತಾನೇ ಹೊತ್ತುಕೊಂಡು ಹೋದ.

ಬರುವ ಮಂಗಳವಾರ ಪಂಚಮಿ. ಚನ್ನವೀರಮ್ಮನ ಟ್ರಂಕಿನಲ್ಲಿ ಆ ಹಸಿರು ಸೀರೆ ಇನ್ನೂ ಇದೆ, ಯಾರಿಗೂ ಕೊಡಲು ನಾನು ಬಿಟ್ಟಿಲ್ಲ. ನಿನ್ನೆ ಅಂಗಡಿ ಮುಚ್ಚುವ ಮೊದಲು ಸೀಮೆಎಣ್ಣೆ ಹಾಕಿ ಡ್ರಮ್ಮಿನ ಕಪ್ಪು ಬಣ್ಣವನ್ನು ಪೂರ್ತಿ ಉಜ್ಜಿ ತೆಗೆದೆ. ಮನೆಗೆ ತಂದು ಪಡಸಾಲೆಯಲ್ಲಿ ಬಾಗಿಲ ಕಡೆ ಮುಖ ಮಾಡಿ ಇಟ್ಟಿದ್ದೇನೆ. ಜಂಬಮ್ಮನಿಗೆ ಓದಲು ಬರುವುದಿಲ್ಲ. ಇದನ್ನೆಲ್ಲ ನಾನೇ ಓದಿ ಹೇಳಬೇಕು. ಆಕೆ ಅಣ್ಣಾ ಎಂದು ಕರೆಯುವ ಮೊದಲೇ ಓದಬೇಕು.